ಹಳೇ ಅಲ್ಯೂಮಿನಿಯಂ ದೋಣಿ, ತುಕ್ಕು ಹಿಡಿದ ಟ್ರೈಲರ್: ರಿಪೇರಿ ಮಾಡಿದವರು ಅನುಭವ ಹೇಳಿ

ಗಾಳದವ:
ಮೀನು ಹಿಡಿಯಲು 14 ಅಡಿಯ ರಿವೆಟ್ ದೋಣಿ (ತಗಡುಗಳನ್ನು ಲೋಹದ ಮೊಳೆ ಬಡಿದು ಕೂಡಿಸಿದ್ದು) ತಗೊಂಡಿದ್ದೇನೆ, ಟ್ರೈಲರ್ ಜೊತೆಗೇ ಬಂತು. ವರ್ಷಗಟ್ಟಲೆ ಬಯಲಲ್ಲೇ ಬಿದ್ದಿತ್ತಂತೆ. ಎಂಜಿನ್ ಕೂರಿಸುವ ಹಿಂಬದಿ ಹಲಗೆ ಮೆತ್ತಗಾಗಿದೆ, ತಳ ಎಲ್ಲೋ ಜಿನುಗುತ್ತದೆ, ಒಂದು ಚಕ್ರ ಕಿರುಗುಟ್ಟುತ್ತದೆ. ನಾಲ್ಕು ತಿಂಗಳಲ್ಲಿ ಮುಗಿಯುತ್ತಾ? ಮೊದಲು ಯಾವುದಕ್ಕೆ ಕೈ ಹಾಕಲಿ?

ಹುಟ್ಟುಗೋಲು:
ನಾನೂ ನಾಲ್ಕು ತಿಂಗಳು ಅಂತಲೇ ಶುರು ಮಾಡಿದ್ದು, ಮೂರು ವರ್ಷ ಹಿಡಿಯಿತು. ತಳಕ್ಕೆ ಅಲ್ಲಲ್ಲಿ ಆಸರೆ ಕೊಟ್ಟು ದೋಣಿಯೊಳಗೆ ಅರ್ಧ ಅಡಿ ನೀರು ತುಂಬಿಸಿ, ಕೆಳಗೆ ಮಲಗಿಕೊಂಡು, ಹನಿ ಬಿದ್ದಲ್ಲೆಲ್ಲ ಮೇಣದ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. 61 ರಿವೆಟ್! ಅವಸರಕ್ಕೆ ಒಳಗಿಂದ ಸೀಲಂಟ್ (ಸೋರಿಕೆ ಮುಚ್ಚುವ ಅಂಟು) ಬಳಿದು ಮುಗಿಸಿದೆ. ಒಂದೇ ಸೀಸನ್ ನಿಂತಿತು. ಸಡಿಲವಾದ ರಿವೆಟ್ ಅಲುಗಾಡುತ್ತಲೇ ಇದ್ದರೆ ಮೇಲೆ ಏನು ಬಳಿದರೂ ಬಿರುಕು ಬಿಡುತ್ತದೆ. ಆ ಸೀಲಂಟ್ ಕೆರೆದು ತೆಗೆಯೋಕೆ ಹೋದ ಗಂಟೆಗಳನ್ನು ಬರೆದಿಟ್ಟಿದ್ದೇನೆ, 43. ಆಮೇಲೆ ತಮ್ಮನನ್ನು ಒಳಗೆ ಕೂರಿಸಿ, ಅವನು ಕಬ್ಬಿಣದ ದಿಮ್ಮಿ ಒತ್ತಿ ಹಿಡಿಯುವುದು, ನಾನು ಹೊರಗಿಂದ ಗಾಳಿ ಸುತ್ತಿಗೆ ಹೊಡೆಯುವುದು. ಅಲುಗಾಡುವುದನ್ನೆಲ್ಲ ಬಿಗಿ ಮಾಡಿದೆವು. ತಲೆ ಸವೆದದ್ದನ್ನು ಕೊರೆದು ತೆಗೆದು ಗಟ್ಟಿ ರಿವೆಟ್ ಹಾಕಿದೆವು. ಒಂದೇ ಕಡೆಯಿಂದ ಗನ್ನಿನಲ್ಲಿ ಎಳೆದು ಕೂರಿಸುವ ಪಾಪ್ ರಿವೆಟ್ ಮಾತ್ರ ಮುಟ್ಟಬೇಡಿ.

ಏರಿ ಮೇಲಿನವ:
ಪಾಪ್ ರಿವೆಟ್‌ನಲ್ಲಿ ಎರಡು ಜಾತಿ ಇದೆ ಸರ್, ಎಲ್ಲವನ್ನೂ ಒಂದೇ ಏಟಿಗೆ ಬೈಯಬೇಡಿ. ನಡುವೆ ತೂತು ಇರುವುದು ಸೋರುತ್ತದೆ, ಒಪ್ಪಿದೆ. ತುದಿ ಮುಚ್ಚಿರುವುದೂ ಸಿಗುತ್ತದೆ. ಅದನ್ನು ಸೀಲಂಟ್‌ನಲ್ಲಿ ಅದ್ದಿ ಹಾಕಿದೆ, 22 ರಿವೆಟ್, ಎರಡು ಭಾನುವಾರ, ಒಬ್ಬನೇ. ದಿಮ್ಮಿ ಹಿಡಿಯೋಕೆ ನನ್ನ ಹತ್ತಿರ ಯಾರೂ ಇರಲಿಲ್ಲ. ಎಂಟು ವರ್ಷವಾಯಿತು, ತಳ ಒಣಗಿದೆ. ದೋಣಿಯೊಳಗಿನ ನೆಲಕ್ಕೆ ಗೆದ್ದಲು ಔಷಧಿ ಹಾಕಿದ ಪ್ಲೈವುಡ್ ಹೊಡೆದೆ, ಅದೂ ಗಟ್ಟಿಯಾಗಿದೆ.

ನೀರ್ಕೋಳಿ:
ಅಯ್ಯೋ, ಆ ಪ್ಲೈವುಡ್ ಮಾತು ಕೇಳಿಯೇ ನಾನು ದೋಣಿ ಕಳೆದುಕೊಂಡದ್ದು. ಆ ಔಷಧಿಯಲ್ಲಿ ತಾಮ್ರ ಇರುತ್ತದೆ. ಒದ್ದೆ ಮರ ಅಲ್ಯೂಮಿನಿಯಂಗೆ ತಾಗಿಕೊಂಡಿದ್ದರೆ ತಾಮ್ರ ಅದನ್ನು ತಿನ್ನುತ್ತದೆ. ನಾಲ್ಕನೇ ವರ್ಷ ನೆಲ ಎತ್ತಿದೆ. ಮರ ಒಂಚೂರೂ ಕೊಳೆತಿರಲಿಲ್ಲ, ಅದರ ಕೆಳಗೆ ಮಾತ್ರ ಉಪ್ಪು ಚೆಲ್ಲಿದ ಹಾಗೆ ಬಿಳಿ ಪುಡಿ. ಬ್ರಷ್‌ನಲ್ಲಿ ಉಜ್ಜಿದರೆ ಗುಳಿ, ಗುಳಿಯೊಳಗೆ ಇನ್ನೊಂದು ಗುಳಿ. ರಾತ್ರಿ ದೋಣಿ ಕೆಳಗೆ ಲೈಟ್ ಇಟ್ಟು ಮೇಲಿಂದ ನೋಡಿದರೆ ಸೂಜಿ ಮೊನೆಯಷ್ಟು ಬೆಳಕು, ಎಣಿಸಿ ಎಣಿಸಿ ನೂರಕ್ಕೆ ನಿಲ್ಲಿಸಿದೆ. ನೆಲದಡಿಯ ಫೋಮ್ ನೀರು ಕುಡಿದು ಒದ್ದೆ ಹಾಸಿಗೆಯಷ್ಟು ಭಾರ. ಹೊಸ ಪ್ಲೈವುಡ್, ಎರಡು ಕೋಟ್ ಪೇಂಟ್, ಸ್ಟೇನ್‌ಲೆಸ್ ಸ್ಕ್ರೂ ಎಲ್ಲ ಅದರ ಜೊತೆಗೇ ಗುಜರಿಗೆ ಹೋಯಿತು. ಏರಿ ಮೇಲಿನವರೇ, ನಿಮ್ಮ ನೆಲವನ್ನು ಒಂದು ಸಲವಾದರೂ ಎತ್ತಿ ನೋಡಿದ್ದೀರಾ?

ಏರಿ ಮೇಲಿನವ:
ಸೋರದೇ ಇರುವ ದೋಣಿಯನ್ನು ಯಾಕೆ ಬಿಚ್ಚಲಿ ಅಕ್ಕಾ? ಮರಕ್ಕೆ ನೀರು ತಾಗದ ಹಾಗೆ ಎಲ್ಲ ಕಡೆ ಎಪಾಕ್ಸಿ ಅಂಟು ಬಳಿದಿದ್ದೇನೆ. ನಿಮ್ಮದು ಹಾಳಾಯಿತು ಅಂತ ಎಲ್ಲರದ್ದೂ ಹಾಳಾಗಬೇಕಾ?

ನೀರ್ಕೋಳಿ:
ಎಪಾಕ್ಸಿ ಬಳಿದಿದ್ದೇನೆ ಅಂತ ಮೊದಲೇ ಯಾಕೆ ಹೇಳಲಿಲ್ಲ? ಅರ್ಧ ಹೇಳಿದ್ದನ್ನು ಓದಿ ಹೊಸಬರು ಅಂಗಡಿಗೆ ಓಡುತ್ತಾರೆ. ನಾನು ಓಡಿದ್ದೂ ಹಾಗೇ.

ಹಬ್ಬು ಗ್ರೀಸು:
ಎಲ್ಲರೂ ದೋಣಿ ದೋಣಿ ಅಂತೀರಿ, ಕಿರುಗುಟ್ಟುವ ಚಕ್ರದ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ನನ್ನ ಎಡ ಚಕ್ರ ರಸ್ತೆಯಲ್ಲಿ ಕಳಚಿ ನನ್ನ ಕಾರನ್ನೇ ದಾಟಿ ಮುಂದೆ ಓಡಿತು. ಕನ್ನಡಿಯಲ್ಲಿ ಕಿಡಿ ಕಂಡ ಮೇಲೆಯೇ ಅದು ನಮ್ಮದು ಅಂತ ಗೊತ್ತಾದದ್ದು. ದೂರದಿಂದ ಎಳೆದು ತಂದ ಟ್ರೈಲರ್‌ನ ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಬಿಸಿ ಇರುತ್ತದೆ. ಅದನ್ನು ಹಾಗೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತದೆ. ಗ್ರೀಸ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ಬೇರಿಂಗ್ ಕೆಲಸ ಮುಗಿಯಿತು ಅಂತಲೇ. ಚಕ್ರ ಕಳಚುವ ಹಿಂದಿನ ವರ್ಷ ನಾನು ಬೇರಿಂಗ್ ಬದಲಿಸಿದ್ದೆ, ಆದರೆ ಅದು ಉರುಳುವ ಉಂಗುರ, ಅಂದರೆ ರೇಸ್, ಹಳೆಯದೇ ಬಿಟ್ಟಿದ್ದೆ. ಆ ಜಿಪುಣತನಕ್ಕೆ ಹಬ್ ಹೋಯಿತು, ಆಕ್ಸಲ್ ತುದಿ ಹೋಯಿತು, ಮಡ್‌ಗಾರ್ಡ್ ಹೋಯಿತು. ಒಟ್ಟು ಖರ್ಚು ದೋಣಿ ಕೊಂಡ ದುಡ್ಡಿನ ಮುಕ್ಕಾಲು ಪಾಲು. ಟೈರ್ ಪಕ್ಕದ ನಾಲ್ಕು ಅಂಕಿಯನ್ನೂ ನೋಡಿ, 2314 ಅಂದರೆ 2014ರ 23ನೇ ವಾರದ್ದು. ಟೈರ್ ಮೇಲಿನ ಗೀರು ಎಷ್ಟೇ ಆಳವಿರಲಿ, ಅಷ್ಟು ಹಳೇ ಟೈರ್ ಇಟ್ಟುಕೊಳ್ಳಬೇಡಿ.

ಹುಟ್ಟುಗೋಲು:
ಟ್ರೈಲರ್ ಕೊನೆಗೆ ಮಾಡಿದರೂ ನಡೆಯುತ್ತದೆ. ತಳವೇ ಸೋರುತ್ತಿದ್ದರೆ ಎಲ್ಲಿಗೆ ಎಳೆದುಕೊಂಡು ಹೋಗುತ್ತೀರಿ?

ಹಬ್ಬು ಗ್ರೀಸು:
ಸೋರುವ ದೋಣಿಯಲ್ಲಿ ಒದ್ದೆಯಾಗುವುದು ನೀವು. ಕಳಚಿದ ಚಕ್ರ ಬಡಿಯುವುದು ಬೇರೆಯವರಿಗೆ. ಅವತ್ತು ಎದುರಿಂದ ಸ್ಕೂಟರ್ ಬರುತ್ತಿತ್ತು, ಸ್ವಲ್ಪದರಲ್ಲಿ ತಪ್ಪಿತು. ಕೊನೆಗೆ ಅನ್ನುವ ಮಾತು ನನ್ನ ಹತ್ತಿರ ಆಡಬೇಡಿ.

ಬೆಸುಗೆ:
ವೆಲ್ಡ್ ಮಾಡಿಸಿ ಬಿಡಿ, ರಿವೆಟ್ ಗಲಾಟೆಯೇ ಇರಲ್ಲ.

ಹುಟ್ಟುಗೋಲು:
ಹಳೇ ತೆಳು ತಗಡಿಗೆ ವೆಲ್ಡ್ ಹೇಳುವಷ್ಟು ಸುಲಭ ಅಲ್ಲ ಅಣ್ಣಾ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮೇಲಿನ ಆಕ್ಸೈಡ್ ಪದರಕ್ಕೆ 2000 ದಾಟಬೇಕು. ಸಂದಿಯಲ್ಲಿ ಹಳೇ ಸೀಲಂಟ್, ಎಣ್ಣೆ ಇದ್ದರಂತೂ ಮುಗಿಯಿತು. ನನ್ನದರಲ್ಲಿ ಒಂದು ರಿವೆಟ್ ತೂತು ಮುಚ್ಚಲು ಹೋಗಿ ಹೆಬ್ಬೆರಳಷ್ಟು ದೊಡ್ಡ ತೂತು ಮಾಡಿ ಕೊಟ್ಟರು.

ಬೆಸುಗೆ:
ಕೈ ಪಳಗದವರ ಹತ್ತಿರ ಮಾಡಿಸಿ ಕೆಲಸವನ್ನೇ ಬೈಯುತ್ತೀರಾ? ಚೆನ್ನಾಗಿ ಶುಚಿ ಮಾಡಿ ಎಸಿ ಟಿಗ್ ಅನ್ನುವ ವೆಲ್ಡಿಂಗ್‌ನಲ್ಲಿ ನಾನು ಎಷ್ಟೋ ತೆಳು ತಗಡು ಕೂಡಿಸಿದ್ದೇನೆ.

ಗಾಳದವ:
ಜಗಳ ಆಮೇಲೆ ಆಡಿ, ದಯವಿಟ್ಟು. ನೀರ್ಕೋಳಿ ಅಕ್ಕ ಬರೆದದ್ದು ಓದಿ ನಿನ್ನೆ ನೆಲ ಎತ್ತಿದೆ. ಕೀಲ್ (ತಳದ ನಡುವಿನ ಬೆನ್ನೆಲುಬು) ಪಕ್ಕದಲ್ಲಿ ಒಂದು ತಾಮ್ರದ ನಾಣ್ಯ ಅಂಟಿಕೊಂಡಿತ್ತು, ಸುತ್ತ ಬಿಳಿ ಬಳೆ. ಚಾಕು ತುದಿಯಿಂದ ಎಬ್ಬಿಸಿದೆ, ಅದರಡಿ ಅದೇ ಅಳತೆಯ ಗುಂಡಿ. ನಡುವೆ ಬೆರಳು ಒತ್ತಿದರೆ ತಗಡು ಮುರಿದು ದೋಣಿ ಕೆಳಗಿನ ನೆಲ ಕಾಣಿಸಿತು. ಜಿನುಗುತ್ತಿದ್ದದ್ದು ಅಲ್ಲೇ. ಚಕ್ರವನ್ನೂ ಬಿಚ್ಚಿದೆ, ಗ್ರೀಸ್ ಬೆಳ್ಳಗಿದೆ. ಬೇರಿಂಗ್, ರೇಸ್, ಸೀಲ್ ಮೂರೂ ತರುತ್ತೇನೆ. ಆ ತೂತಿಗೆ ಏನು ಮಾಡಲಿ?

ಏರಿ ಮೇಲಿನವ:
ಅದೇ ಜಾತಿಯ ಅಲ್ಯೂಮಿನಿಯಂ ತುಂಡು, ಮೂಲೆ ದುಂಡಗೆ ಮಾಡಿ, ಕೆಳಗೆ ಸೀಲಂಟ್, ಸುತ್ತ ತುದಿ ಮುಚ್ಚಿದ ಪಾಪ್ ರಿವೆಟ್. ಒಂದು ಮಧ್ಯಾಹ್ನದ ಕೆಲಸ.

ಹುಟ್ಟುಗೋಲು:
ತುಂಡು ಸರಿ. ರಿವೆಟ್ ಗಟ್ಟಿಯದೇ ಹಾಕಿ. ದಿಮ್ಮಿ ಹಿಡಿಯೋಕೆ ಜನ ಇಲ್ಲದಿದ್ದರೆ ನಾನೇ ಬರುತ್ತೇನೆ.