ಬೆಳಗ್ಗೆ ಮಾತ್ರ ಬೂಟ್ ಆಗದ ಡೆಸ್ಕ್‌ಟಾಪ್: ದೋಷ ಡಿಸ್ಕ್‌ನದೋ, ಮದರ್‌ಬೋರ್ಡ್‌ನದೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 2014ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್. 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 450 ವ್ಯಾಟ್ ಎಂದು ಬರೆದಿರುವ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಮತ್ತು ವಿಂಡೋಸ್ 10 ಇವೆ. ಊರು ಸಾಗರ. ಎರಡು ತಿಂಗಳಿಂದ, ಬೆಳಗ್ಗೆ ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನ್ ತಿರುಗುತ್ತದೆಯೇ ಹೊರತು ಪರದೆಯ ಮೇಲೆ ಏನೂ ಮೂಡುವುದಿಲ್ಲ. ಆರಿಸಿ ಮತ್ತೆ ಹಾಕಿದರೆ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂಬ ಸಾಲು ಬರುತ್ತದೆ. ಮೂರನೆಯದೋ ನಾಲ್ಕನೆಯದೋ ಪ್ರಯತ್ನದಲ್ಲಿ ವಿಂಡೋಸ್ ತೆರೆದುಕೊಂಡರೆ ಸಂಜೆಯವರೆಗೆ ಯಾವ ತಕರಾರೂ ಇಲ್ಲ. ಮಧ್ಯಾಹ್ನ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಸರಿಯಾಗಿಯೇ ಬರುತ್ತದೆ. ತಾರೀಖು ಕೂಡ ಆಗಾಗ ಹಿಂದಕ್ಕೆ ಹೋಗಿರುತ್ತದೆ. ರಿಪೇರಿ ಅಂಗಡಿಯವರು ಮೊದಲು ವಿಂಡೋಸ್ ಹೊಸದಾಗಿ ಹಾಕಿದರು, ಅದರಿಂದ ಪ್ರಯೋಜನವಾಗದಿದ್ದಾಗ, ಫ್ಯಾನ್ ತಿರುಗುತ್ತಿರುವುದರಿಂದ ಎಸ್‌ಎಂಪಿಎಸ್ ಸರಿಯಿದೆ, ಮದರ್‌ಬೋರ್ಡ್ ಹೋಗಿದೆ ಎಂದರು. ಅಡಿಕೆ ವ್ಯಾಪಾರದ ಆರು ವರ್ಷದ ಲೆಕ್ಕ ಇದರಲ್ಲಿಯೇ ಇರುವುದರಿಂದ ಏನು ಮಾಡಲೂ ಭಯವಾಗುತ್ತಿದೆ.

ಮೊದಲ ಉತ್ತರ

ತಾರೀಖು ಹಿಂದಕ್ಕೆ ಹೋಗುವುದಕ್ಕೆ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯೇ ಕಾರಣವಿರಬೇಕು. ಹೊಸದಾಗಿದ್ದಾಗ ಅದರಲ್ಲಿ 3 ವೋಲ್ಟ್ ಇರುತ್ತದೆ. ಅದನ್ನು ಬದಲಿಸಿ. ಹಾಗೆಯೇ ರ‍್ಯಾಮ್ ಕಡ್ಡಿಗಳನ್ನು ಹೊರತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿಯನ್ನು ಒರೆಸಿ, ಒಂದೊಂದನ್ನೇ ಹಾಕಿ ನೋಡಿ. ಮಲೆನಾಡಿನ ಮಳೆಗಾಲ ಕಳೆದ ಮೇಲೆ ಅರ್ಧಕ್ಕರ್ಧ ಯಂತ್ರಗಳು ಇಷ್ಟಕ್ಕೇ ಸರಿಹೋಗುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರು

ಹಳೆಯ ಬ್ಯಾಟರಿಯಲ್ಲಿ 2.4 ವೋಲ್ಟ್ ಇತ್ತು. ಹೊಸದನ್ನು ಹಾಕಿದೆ, ರ‍್ಯಾಮ್ ಶುಚಿಗೊಳಿಸಿದೆ. ಈಗ ಹೊಸ ತೊಂದರೆ ಎದುರಾಗಿದೆ: ವಿಂಡೋಸ್ ಲಾಂಛನ ಬಂದ ಕೂಡಲೇ ನೀಲಿ ಪರದೆಯ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬರುತ್ತದೆ.

ಎರಡನೆಯ ಉತ್ತರ

ನೀಲಿ ಪರದೆಗೆ ಗಾಬರಿಯಾಗಬೇಡಿ. ಬ್ಯಾಟರಿ ತೆಗೆದಾಗ ಬಯೋಸ್ (ಯಂತ್ರವನ್ನು ಮೊದಲು ಎಬ್ಬಿಸುವ, ಮದರ್‌ಬೋರ್ಡ್‌ನಲ್ಲಿಯೇ ಇರುವ ತಂತ್ರಾಂಶ) ತನ್ನ ಮೂಲ ಹೊಂದಾಣಿಕೆಗೆ ಮರಳಿದೆ. ವಿಂಡೋಸ್ ಹಾಕಿದಾಗ ಸಾಟಾ ಮೋಡ್, ಎಂದರೆ ಡಿಸ್ಕ್‌ನೊಡನೆ ಮಾತಾಡುವ ವಿಧಾನ, ಎಎಚ್‌ಸಿಐ ಆಗಿದ್ದು, ಈಗ ಐಡಿಇ ಆಗಿಬಿಟ್ಟಿದ್ದರೆ ಹೀಗೆಯೇ ಆಗುತ್ತದೆ. ಬಯೋಸ್ ಒಳಗೆ ಹೋಗಿ ಎಎಚ್‌ಸಿಐ ಎಂದು ಬದಲಿಸಿ ಉಳಿಸಿ.

ಇನ್ನು ಮೂಲ ತೊಂದರೆಯ ವಿಚಾರ. ತಣ್ಣಗಿದ್ದಾಗ ಏಳದ, ಒಮ್ಮೆ ಬಿಸಿಯಾದ ಮೇಲೆ ದಿನವಿಡೀ ಓಡುವ ಯಂತ್ರವನ್ನು ಕಂಡಾಗ ನನ್ನ ಅನುಮಾನ ಮೊದಲು ಹೋಗುವುದು ಎಸ್‌ಎಂಪಿಎಸ್ ಕಡೆಗೆ. ಅದರೊಳಗೆ ವೋಲ್ಟೇಜನ್ನು ಸಮವಾಗಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ದ್ರವ ವರ್ಷಗಳು ಕಳೆದಂತೆ ಆರುತ್ತದೆ. ಹಾಗೆ ಆರಿದ ಕೆಪಾಸಿಟರ್‌ನ ಒಳರೋಧ ಚಳಿಯಲ್ಲಿ ಇನ್ನೂ ಹೆಚ್ಚಾಗಿ, ವೋಲ್ಟೇಜ್ ಸ್ಥಿರವಾಗಿ ನಿಲ್ಲುವುದಿಲ್ಲ. ನಾಲ್ಕಾರು ಸಲ ಹಾಕಿ ಆರಿಸುವಷ್ಟರಲ್ಲಿ ಅವು ಸ್ವಲ್ಪ ಬೆಚ್ಚಗಾಗಿ, ಹೇಗೋ ಕೆಲಸಕ್ಕೆ ಇಳಿಯುತ್ತವೆ. ಗುಂಡಿ ಒತ್ತಿದ ಮೇಲೆ ವೋಲ್ಟೇಜ್‌ಗಳು ಸರಿಯಾಗಿವೆ ಎಂದು ತಿಳಿಸುವ ‘ಪವರ್ ಗುಡ್’ ಸಂಕೇತ, ಬೂದು ಬಣ್ಣದ ತಂತಿಯಲ್ಲಿ 100ರಿಂದ 500 ಮಿಲಿಸೆಕೆಂಡಿನೊಳಗೆ ಮದರ್‌ಬೋರ್ಡ್‌ಗೆ ತಲುಪಬೇಕು. ತಲುಪದಿದ್ದರೆ ಪ್ರೊಸೆಸರ್ ಕೆಲಸ ಆರಂಭಿಸದೆ ರೀಸೆಟ್‌ನಲ್ಲಿಯೇ ಉಳಿಯುತ್ತದೆ. ಫ್ಯಾನ್‌ಗೆ ಇದಾವುದರ ಹಂಗಿಲ್ಲ, 12 ವೋಲ್ಟಿನ ಹತ್ತಿರ ಏನಾದರೂ ಸಿಕ್ಕರೆ ಸಾಕು, ತಿರುಗುತ್ತದೆ. ಆದ್ದರಿಂದ ಫ್ಯಾನ್ ತಿರುಗುತ್ತಿದೆ, ಎಸ್‌ಎಂಪಿಎಸ್ ಸರಿಯಿದೆ ಎನ್ನುವ ಅಂಗಡಿಯ ತರ್ಕವನ್ನು ನಾನು ಒಪ್ಪುವುದಿಲ್ಲ.

ಬೂಟ್ ಡಿವೈಸ್ ಕಾಣದಿರುವುದೂ ಇದರದೇ ಫಲವಿರಬಹುದು. 3.5 ಇಂಚಿನ ಡಿಸ್ಕ್‌ನ ಮೋಟಾರು ನಿಂತಲ್ಲಿಂದ ತಿರುಗಲು ಆರಂಭಿಸುವಾಗ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಅಷ್ಟು ಸಿಗದೆ ಅದು ವೇಗಕ್ಕೆ ಬರುವಷ್ಟರಲ್ಲಿ ಬಯೋಸ್ ಹುಡುಕಾಟ ಮುಗಿಸಿರುತ್ತದೆ. ಪರದೆಯ ಸಾಲು ಎಡವಿದವನನ್ನು ತೋರಿಸುತ್ತಿದೆಯೇ ವಿನಾ ಎಡವಿಸಿದ ಕಲ್ಲನ್ನಲ್ಲ.

ಅಳೆದು ನೋಡುವುದು ಸುಲಭ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಖಾಲಿ ಇರುವ ನಾಲ್ಕು ಕಾಲಿನ ಮೋಲೆಕ್ಸ್ ಕನೆಕ್ಟರಿನಲ್ಲಿ ಕಪ್ಪು ತಂತಿಗೆ ಹೋಲಿಸಿ ಹಳದಿಯನ್ನೂ ಕೆಂಪನ್ನೂ ಅಳೆಯಿರಿ. ಬೆಳಗ್ಗೆ, ಮೊದಲ ಸಲ ಹಾಕುವಾಗಲೇ ಅಳೆಯಬೇಕು. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಹಸಿರು ತಂತಿಯನ್ನು ಕಪ್ಪಿಗೆ ಜೋಡಿಸಿ ಎಸ್‌ಎಂಪಿಎಸ್ ಒಂದನ್ನೇ ಓಡಿಸುವ ಪರೀಕ್ಷೆಯಲ್ಲಿ ವಿದ್ಯುತ್ ಎಳೆಯುವ ಭಾರವೇ ಇಲ್ಲದ ಕಾರಣ, ಸೋತ ಎಸ್‌ಎಂಪಿಎಸ್ ಕೂಡ ಪಾಸಾಗಿಬಿಡುತ್ತದೆ. ದಯವಿಟ್ಟು ಅದರ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗೂ ಮೀರಿದ ವಿದ್ಯುತ್ ಉಳಿದಿರಬಹುದು.

ಮೂರನೆಯ ಉತ್ತರ

ಮೇಲಿನವರ ಮಾತಿಗೆ ನನ್ನ ಸಹಮತವಿದೆ, ಆದರೆ ಕ್ರಮ ಬದಲಾಗಬೇಕು. ಯಂತ್ರ ಮುಂದಿನ ಸಲ ತೆರೆದುಕೊಂಡ ಕೂಡಲೇ ಲೆಕ್ಕದ ಕಡತಗಳನ್ನು ಹೊರಗಿನ ಡ್ರೈವ್‌ಗೆ ನಕಲಿಸಿ, ಪ್ರಯೋಗಗಳೆಲ್ಲ ಆಮೇಲೆ. ವಿಂಡೋಸ್‌ನ ಡಿಸ್ಕ್ ದುರಸ್ತಿ ಸಾಧನವಾದ ಚೆಕ್‌ಡಿಸ್ಕ್ ಈಗ ಓಡಿಸಬೇಡಿ. ಡಿಸ್ಕ್ ನಿಜಕ್ಕೂ ಸೋಲುತ್ತಿದ್ದರೆ, ಗಂಟೆಗಟ್ಟಲೆ ಓದಿಸಿ ಬರೆಸುವ ಆ ದುರಸ್ತಿಯೇ ಅದಕ್ಕೆ ಕೊನೆಯ ಪೆಟ್ಟಾಗಬಹುದು. ನಕಲಾದ ಮೇಲೆ, ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ 05 (ಕೆಟ್ಟು ಬದಲಿ ಜಾಗಕ್ಕೆ ಸರಿಸಲಾದ ಸೆಕ್ಟರ್‌ಗಳು, ಎಂದರೆ ಡಿಸ್ಕ್‌ನ ಪುಟ್ಟ ತುಣುಕುಗಳು), ಸಿ5 (ಓದಲಾಗದೆ ಕಾದಿರುವ ಸೆಕ್ಟರ್‌ಗಳು) ಮತ್ತು ಸಿ7 (ಕೇಬಲ್ ಮೂಲಕ ಸಾಗುವಾಗಿನ ತಪ್ಪುಗಳು) ಸಾಲುಗಳ ಕೊನೆಯ ಅಂಕಣ ಏನು ಹೇಳುತ್ತದೆ, ತಿಳಿಸಿ.

ಪ್ರಶ್ನೆ ಕೇಳಿದವರು

ಎಎಚ್‌ಸಿಐ ಮಾಡಿದ ಮೇಲೆ ನೀಲಿ ಪರದೆ ಹೋಯಿತು. ಕಡತಗಳ ಎರಡು ನಕಲು ಮಾಡಿಕೊಂಡಿದ್ದೇನೆ. ಇಂದು ಬೆಳಗ್ಗೆ ಆರೂವರೆಗೆ ಅಳೆದಾಗ ಹಳದಿಯಲ್ಲಿ 11.1, ಕೆಂಪಿನಲ್ಲಿ 4.6 ವೋಲ್ಟ್ ಇತ್ತು, ಅಂಕಿಗಳು ಒಂದೇ ಸಮನೆ ಓಲಾಡುತ್ತಿದ್ದವು. ನಾಲ್ಕನೆಯ ಪ್ರಯತ್ನದಲ್ಲಿ ಬೂಟ್ ಆಗಿ ಅರ್ಧ ಗಂಟೆ ಕಳೆದ ಮೇಲೆ 11.7 ಮತ್ತು 4.9ಕ್ಕೆ ಏರಿತು. ಡಿಸ್ಕ್‌ನಲ್ಲಿ 05 ಮತ್ತು ಸಿ7 ಸಾಲುಗಳು ಸೊನ್ನೆ, ಸಿ5ರಲ್ಲಿ 10 ಇದೆ.

ಮೂರನೆಯ ಉತ್ತರದವರು

ಆ ತಂತ್ರಾಂಶ ಕೊನೆಯ ಅಂಕಣವನ್ನು ಹದಿನಾರರ ಮೂಲದ ಎಣಿಕೆಯಲ್ಲಿ (ಹೆಕ್ಸಾಡೆಸಿಮಲ್) ತೋರಿಸುತ್ತದೆ, ಹಾಗಾಗಿ ನಿಮ್ಮ 10 ಎಂದರೆ 16 ಸೆಕ್ಟರ್‌ಗಳು. ಓದಲಾಗದೆ ತೀರ್ಪಿಗಾಗಿ ಕಾದಿರುವ ಸೆಕ್ಟರ್‌ಗಳವು. ಸಿ7 ಸೊನ್ನೆ ಇರುವುದರಿಂದ ಸಾಟಾ ಕೇಬಲ್ ಮೇಲೆ ಅನುಮಾನವಿಲ್ಲ. ಬರೆಯುತ್ತಿರುವಾಗಲೇ ವೋಲ್ಟೇಜ್ ಕುಸಿದರೂ ಸೆಕ್ಟರ್‌ಗಳು ಹೀಗೆ ಅರೆಬರೆಯಾಗಿ ಉಳಿಯುತ್ತವೆ, ಆದ್ದರಿಂದ ಡಿಸ್ಕ್‌ನ ವಿಚಾರದಲ್ಲಿ ತೀರ್ಮಾನವನ್ನು ಎಸ್‌ಎಂಪಿಎಸ್ ಬದಲಾಗುವವರೆಗೆ ಮುಂದೂಡಿ.

ಪ್ರಶ್ನೆ ಕೇಳಿದವರು

ನೆಂಟರೊಬ್ಬರ ಯಂತ್ರದ ಎಸ್‌ಎಂಪಿಎಸ್ ತಂದು ನಾಲ್ಕು ದಿನ ಬೆಳಗ್ಗೆ ಹಾಕಿ ನೋಡಿದೆ; ನಾಲ್ಕೂ ದಿನ ಮೊದಲ ಗುಂಡಿಗೇ ಎದ್ದಿತು. ನಿನ್ನೆ ಹೊಸದನ್ನು ಕೊಂಡು ಹಾಕಿದ್ದೇನೆ, ಬೆಳಗಿನ ಅಳತೆ 12.1 ಮತ್ತು 5.05. ಮದರ್‌ಬೋರ್ಡ್ ಹಳೆಯದೇ ಇದೆ. ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದ ಮೇಲೆ ಸಿ5 ಸೊನ್ನೆಗೆ ಇಳಿಯಿತು, ಆದರೆ 05ರಲ್ಲಿ ಈಗ 2 ಇದೆ. ಇದನ್ನು ಮುಂದೆ ಬಳಸಬಹುದೇ?

ಮೂರನೆಯ ಉತ್ತರದವರು

ಹದಿನಾರರಲ್ಲಿ ಎರಡು ಮಾತ್ರ ನಿಜವಾಗಿ ಕೆಟ್ಟಿದ್ದವು, ಉಳಿದವು ಬರೆದ ಮೇಲೆ ಸರಿಯಾದವು ಎಂದು ಅದರ ಅರ್ಥ. ಹಾಡು, ಫೋಟೋ ಪ್ರತಿಗಳಿಗೆ ಬಳಸಿ. ವಿಂಡೋಸ್ ಮತ್ತು ಲೆಕ್ಕಕ್ಕೆ ಒಂದು ಎಸ್‌ಎಸ್‌ಡಿ ಕೊಳ್ಳಿ. ತಿಂಗಳಿಗೊಮ್ಮೆ 05ರ ಸಾಲನ್ನು ನೋಡುತ್ತಿರಿ, ಅಂಕಿ ಮತ್ತೆ ಏರಿದರೆ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ.