ವೆಕ್ಟರಿನ ಒಂದು ಭಾಗವನ್ನು ಇನ್ನೊಂದಕ್ಕೆ ನಕಲಿಸಿದರೆ ಪ್ರೋಗ್ರಾಂ ನಿಂತುಹೋಗುತ್ತಿದೆ

ಪ್ರಶ್ನೆ (ಮೂಡಿಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದಲ್ಲಿ ತಂದೆಯವರು ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಒಂದು ವರ್ಷದ ಲೆಕ್ಕವನ್ನು ಸಿ ಪ್ಲಸ್ ಪ್ಲಸ್‌ನಲ್ಲಿ 365 ಅಂಶಗಳ ಒಂದು ವೆಕ್ಟರಿಗೆ (ಅಂಶಗಳನ್ನು ಸಾಲಾಗಿ ಇಡುವ ಪಟ್ಟಿ) ತುಂಬಿಸಿದ್ದೇನೆ. ಅದರಿಂದ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗಿನ ಮಳೆಗಾಲದ ಭಾಗವಷ್ಟೇ ಇನ್ನೊಂದು ವೆಕ್ಟರಿಗೆ ಬೇಕು. ಹೊಸ ವೆಕ್ಟರಿನಲ್ಲಿ ರಿಸರ್ವ್ ಬಳಸಿ 122 ಅಂಶಗಳಿಗೆ ಜಾಗ ಕಾದಿರಿಸಿ, ಹಳೆಯದರ ಬಿಗಿನ್‌ಗೆ (ಮೊದಲ ಅಂಶದ ಸ್ಥಾನಕ್ಕೆ) 151 ಕೂಡಿಸಿದಲ್ಲಿಂದ 272 ಕೂಡಿಸಿದಲ್ಲಿಯವರೆಗೆ ಕಾಪಿ ಮಾಡಿದೆ. ಆದರೆ ಹೊಸ ವೆಕ್ಟರಿನ ಸೈಜ್ ಸೊನ್ನೆಯಾಗಿಯೇ ಉಳಿಯುತ್ತದೆ, ಕೆಲವೊಮ್ಮೆ ಪ್ರೋಗ್ರಾಂ ನಡುವೆಯೇ ನಿಂತುಹೋಗುತ್ತದೆ.

ಉತ್ತರ (ಹಾಸನದಿಂದ)

ತಪ್ಪು ಇರುವುದು ರಿಸರ್ವ್‌ನಲ್ಲಿ. ಅದು ನೆನಪಿನಲ್ಲಿ ಜಾಗ ಹಿಡಿದಿಡುತ್ತದೆಯೇ ಹೊರತು ಒಂದು ಅಂಶವನ್ನೂ ಸೃಷ್ಟಿಸುವುದಿಲ್ಲ. ಮಳೆಯ ಪುಸ್ತಕಕ್ಕೆಂದು ಹಾಳೆ ತಂದಿಟ್ಟು ಇನ್ನೂ ಹೊಲಿಯದೆ ಬಿಟ್ಟ ಹಾಗೆ. ಕಾಪಿ ಫಂಕ್ಷನ್ ಆಗಲೇ ಇರುವ ಅಂಶಗಳ ಮೇಲಷ್ಟೇ ಬರೆಯಬಲ್ಲದು, ಗುರಿಯ ವೆಕ್ಟರನ್ನು ತಾನಾಗಿ ಬೆಳೆಸುವುದಿಲ್ಲ. ಇಲ್ಲದ ಅಂಶಗಳ ಮೇಲೆ ಬರೆಯಲು ಹೋದಾಗ ಏನಾಗಬೇಕೆಂಬುದನ್ನು ಭಾಷೆಯ ನಿಯಮ ಹೇಳುವುದೇ ಇಲ್ಲವಾದ್ದರಿಂದ ನಿಮ್ಮ ಪ್ರೋಗ್ರಾಂ ಒಮ್ಮೆ ನಡೆದು ಇನ್ನೊಮ್ಮೆ ನಿಲ್ಲುತ್ತಿದೆ. ರಿಸರ್ವ್ ಬದಲು ಅಂಶಗಳನ್ನೇ ಸೃಷ್ಟಿಸುವ ರಿಸೈಜ್ ಬಳಸಬಹುದು, ಅಥವಾ ಗುರಿಯ ಜಾಗದಲ್ಲಿ, ಪ್ರತಿ ಅಂಶವನ್ನೂ ವೆಕ್ಟರಿನ ಕೊನೆಗೆ ಹೊಸದಾಗಿ ಸೇರಿಸುವ ಬ್ಯಾಕ್ ಇನ್ಸರ್ಟರ್ ಕೊಡಬಹುದು. ನನಗೆ ಸರಿಯೆನಿಸುವುದು ಕಾಪಿಯನ್ನೇ ಬಿಟ್ಟು, ನೀವು ಕಾಪಿಗೆ ಕೊಟ್ಟ ಆರಂಭ ಮತ್ತು ಕೊನೆಯ ಎರಡು ಇಟರೇಟರುಗಳನ್ನು (ಅಂಶದ ಸ್ಥಾನ ಸೂಚಿಸುವವು) ಕೊಟ್ಟು ಹೊಸ ವೆಕ್ಟರನ್ನು ನೇರವಾಗಿ ಕಟ್ಟುವುದು.

ಇನ್ನೊಂದು ಮಾತು: ಕೊನೆಯ ಇಟರೇಟರ್ ಸೂಚಿಸುವ ಅಂಶ ನಕಲಿನಲ್ಲಿ ಸೇರುವುದಿಲ್ಲ. ಆದ್ದರಿಂದ 272 ಎಂದರೆ ಸೆಪ್ಟೆಂಬರ್ 30 ಬಿಟ್ಟುಹೋಗುತ್ತದೆ, 273 ಕೊಡಿ. ಅಧಿಕ ವರ್ಷವಾದರೆ 152 ಮತ್ತು 274.

ಮರುಪ್ರಶ್ನೆ (ಮೂಡಿಗೆರೆಯಿಂದ)

ಧನ್ಯವಾದಗಳು ಸರ್, ಈಗ ಸರಿಯಾಗಿ 122 ದಿನಗಳು ಬಂದವು. ಆದರೆ ಪುಸ್ತಕದೊಡನೆ ತಾಳೆ ನೋಡಿದಾಗ ಮೇ 10ರ ಲೆಕ್ಕವನ್ನು ನಾನು ತುಂಬಿಸಿಯೇ ಇಲ್ಲವೆಂದು ತಿಳಿಯಿತು. ಅಲ್ಲಿಂದ ಮುಂದಿನದೆಲ್ಲ ಒಂದು ಮನೆ ಹಿಂದಿದ್ದು, ಕೊನೆಯ ಮನೆ ಖಾಲಿಯಿದೆ. ಅದೇ ವೆಕ್ಟರಿನೊಳಗೆ ಎಲ್ಲವನ್ನೂ ಒಂದು ಮನೆ ಮುಂದಕ್ಕೆ ಸರಿಸಲು ಕಾಪಿ ಬಳಸಬಹುದೇ?

ಉತ್ತರ (ಚಿಕ್ಕಮಗಳೂರಿನಿಂದ)

ದಯವಿಟ್ಟು ಬಳಸಬೇಡಿ. ಬರೆಯುವ ಜಾಗದ ಆರಂಭವು ಓದುವ ಭಾಗದೊಳಗೇ ಬೀಳುವುದರಿಂದ, ಮುಂದಿನ ಮನೆಯ ಸಂಖ್ಯೆಯನ್ನು ಓದುವ ಮೊದಲೇ ಅದರ ಮೇಲೆ ಹಿಂದಿನ ಸಂಖ್ಯೆ ಕುಳಿತು, ಒಂದೇ ದಿನದ ಮಳೆ ವರ್ಷದ ಕೊನೆಯವರೆಗೂ ಹರಡಬಹುದು. ಸರಳ ಸಂಖ್ಯೆಗಳಾದರೆ ಹಲವು ಲೈಬ್ರರಿಗಳು ಒಳಗೆ ಮೆಮ್‌ಮೂವ್ (ಓದುವ, ಬರೆಯುವ ಜಾಗಗಳು ಒಂದರ ಮೇಲೊಂದು ಬಿದ್ದರೂ ಸರಿಯಾಗಿ ನಕಲಿಸುವ ಫಂಕ್ಷನ್) ಕರೆಯುವುದರಿಂದ ಫಲಿತಾಂಶ ಸರಿಯಾಗಿಯೇ ಕಾಣಬಹುದು, ಆದರೆ ಅದನ್ನು ನಂಬಿ ಕೂರುವಂತಿಲ್ಲ. ಇಲ್ಲಿ ಬೇಕಾದದ್ದು ಕಾಪಿ ಬ್ಯಾಕ್‌ವರ್ಡ್. ಅದು ಕೊನೆಯ ಅಂಶದಿಂದ ಹಿಂದಕ್ಕೆ ಬರುತ್ತಾ ನಕಲಿಸುತ್ತದೆ. ಅದರ ಮೂರನೆಯ ಆರ್ಗ್ಯುಮೆಂಟ್ ಗುರಿಯ ಆರಂಭವಲ್ಲ, ಗುರಿಯ ಕೊನೆ ಎಂಬುದನ್ನು ಮರೆಯಬೇಡಿ. ಬಿಗಿನ್‌ಗೆ 129 ಕೂಡಿಸಿದ್ದು, ಎಂಡ್‌ನಿಂದ (ಕೊನೆಯ ಅಂಶದ ಆಚೆಯ ಸ್ಥಾನ) 1 ಕಳೆದದ್ದು, ಆಮೇಲೆ ಎಂಡ್, ಈ ಕ್ರಮದಲ್ಲಿ ಮೂರನ್ನೂ ಕೊಟ್ಟು, ನಂತರ (ಸೊನ್ನೆಯಿಂದ ಎಣಿಸಿ) 129ನೇ ಸ್ಥಾನದಲ್ಲಿ ಮೇ 10ರ ಮಳೆಯನ್ನು ಬರೆಯಿರಿ. ಮಳೆಗಾಲದ ವೆಕ್ಟರನ್ನು ಇದಾದ ಮೇಲೆ ಮತ್ತೊಮ್ಮೆ ಕಟ್ಟಬೇಕಾಗುತ್ತದೆ, ಏಕೆಂದರೆ ಈಗ ಅದರಲ್ಲಿರುವುದು ಜೂನ್ 2ರಿಂದ ಅಕ್ಟೋಬರ್ 1ರವರೆಗಿನ ಲೆಕ್ಕ.