ಅಪ್‌ಡೇಟ್: ಎಂಜಿಬಿ ಸಸ್ಪೆನ್ಷನ್ ಕೆಲಸ ಮುಗಿಯಿತು

ಚಿಕ್ಕಮಗಳೂರಿನಲ್ಲಿರುವ ನಮ್ಮ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ಬಗ್ಗೆ ಕೇಳಿದ್ದೆ, ನೆನಪಿದೆಯಲ್ವಾ? ತಿರುವಿನಲ್ಲಿ ಜಾಸ್ತಿ ವಾಲುತ್ತದೆ, ಹಿಂಭಾಗ ಕುಸಿದಿದೆ, ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು ಅಂತ. ಕಾಯಿಲ್‌ಓವರ್ ಕಿಟ್‌ಗೆ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗೇ ಇರುವ ಸೆಟ್) ಸುಮ್ನೆ ದುಡ್ಡು ಸುರಿಯಬೇಡಿ, ಮೊದಲು ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್ ತುಂಡು) ನೋಡಿ ಅಂದವರಿಗೆ ದೊಡ್ಡ ನಮಸ್ಕಾರ.

ಮುಂಭಾಗದ ಕೆಳಗಿನ ವಿಷ್‌ಬೋನ್ (ಚಕ್ರವನ್ನು ಕಾರಿಗೆ ಹಿಡಿದಿಡುವ ತೋಳು) ಬಿಚ್ಚಿದಾಗ ಹಳೇ ರಬ್ಬರ್ ಪುಡಿಪುಡಿಯಾಗಿ ಕೈಗೆ ಬಂತು. ಒಂದು ಕಡೆಯಂತೂ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಹೊಳೆಯುತ್ತಿತ್ತು! ಅಲ್ಲಿಗೆ ಎಂಜಿಬಿ ಜಿಟಿ ವಿ8 ಕಾರಿನ ಬುಷ್ ಹಾಕಿಸಿದೆ. ಅದರಲ್ಲಿ ಲೋಹದ ಸ್ಲೀವ್ ಇರುವುದರಿಂದ ರಬ್ಬರ್ ಬೇಗ ಹಿಂಡಿಹೋಗುವುದಿಲ್ಲ. ಕಮ್ಮಿ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಈ ಕಾರಿನಲ್ಲಿ ಮುಂದಿನ ಲಿವರ್ ಆರ್ಮ್ ಶಾಕ್‌ನ (ಎಣ್ಣೆ ತುಂಬಿದ, ತೋಳಿರುವ ಹಳೇ ಮಾದರಿಯ ಶಾಕ್ ಅಬ್ಸಾರ್ಬರ್) ತೋಳೇ ಮೇಲಿನ ವಿಷ್‌ಬೋನ್. ಅದು ಸಡಿಲವಾದರೆ ಚಕ್ರವೇ ಅಲುಗಾಡುತ್ತದೆ. ನನ್ನದರಲ್ಲಿ ಶಾಫ್ಟ್ ಹತ್ತಿರ ಸೋರುತ್ತಿತ್ತು, ಬರೀ ಎಣ್ಣೆ ತುಂಬಿ ಪ್ರಯೋಜನವಿರಲಿಲ್ಲ. ರೀಕಂಡೀಷನ್ ಆದ ಜೋಡಿ ತರಿಸಿದೆ. ಖರ್ಚಿನಲ್ಲಿ ಅದೇ ದೊಡ್ಡದು. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು, ಅಂದರೆ ಕಿಂಗ್‌ಪಿನ್‌ಗೂ ಗ್ರೀಸ್ ಹೊಡೆಸಿದೆ.

ಕುಸಿದಿದ್ದ ಹಿಂದಿನ ಲೀಫ್ ಸ್ಪ್ರಿಂಗ್‌ಗಳನ್ನು (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ಒಂದೊಂದು ಪಟ್ಟಿಯೂ ಒಂದು 'ಎಲೆ') ಹಾಸನದಲ್ಲಿ ಲಾರಿ ಕೆಲಸ ಮಾಡುವವರ ಹತ್ತಿರ ಮತ್ತೆ ಬಾಗು ಹಿಡಿಸಿದೆ. "ಇನ್ನೊಂದು ಎಲೆ ಸೇರಿಸೋಣ್ವಾ ಸಾರ್?" ಅಂದರು. ಬೇಡ ಅಂದೆ. ಇಷ್ಟು ಹಗುರ ಕಾರಿಗೆ ಸ್ಪ್ರಿಂಗ್ ಗಟ್ಟಿಯಾದರೆ ಗುಂಡಿ ಸಿಕ್ಕಾಗಲೆಲ್ಲ ಹಿಂಭಾಗ ಕುಪ್ಪಳಿಸುತ್ತದೆ.

ಈಗ ಕೈಮರ ಚೆಕ್‌ಪೋಸ್ಟ್ ದಾಟಿ ಗಿರಿ ಹತ್ತುವಾಗ ಸ್ಟೀರಿಂಗ್ ಹೇಳಿದ ಹಾಗೆ ಕೇಳುತ್ತದೆ. ವಾಲುವುದು ಇನ್ನೂ ಸ್ವಲ್ಪ ಇದೆ. ಮಳೆಗಾಲ ಮುಗಿದ ಮೇಲೆ ಮುಂದಕ್ಕೆ ದಪ್ಪನೆಯ ಆಂಟಿ ರೋಲ್ ಬಾರ್ (ವಾಲುವುದನ್ನು ತಡೆಯುವ ಸರಳು) ಹಾಕಿಸಬೇಕು ಅಂತಿದ್ದೇನೆ. ಯಾರಾದರೂ ಹಾಕಿಸಿದ್ದರೆ ಎಷ್ಟು ದಪ್ಪದ್ದು ಅಂತ ದಯವಿಟ್ಟು ಹೇಳಿ.